ಟಾನ್ಸಿಲ್ ತೆಗೆಸಿದ ಮೇಲೆ ನುಂಗಿದ ಮುದ್ದೆ

ಇದನ್ನು ಬರೆಯದೆ ಬಿಡೋಣ ಎಂದುಕೊಂಡಿದ್ದೆ ಸ್ನೇಹಿತರೇ. ಮದುವೆಯಾಗಿ ಹದಿನೆಂಟು ವರ್ಷವಾದರೂ ನಾನು ರಾಗಿಮುದ್ದೆಯನ್ನು ನುಂಗಲು ಬಾರದೆ ಕದ್ದು ಅಗಿಯುವವಳು.

ಟಾನ್ಸಿಲ್ ತೆಗೆಸಿ ಇವತ್ತಿಗೆ ಐದು ದಿನ. ನೋವಿಗೆ ಹೆದರಿ ನೀರು ಬಿಟ್ಟು ಏನೂ ನುಂಗಿರಲಿಲ್ಲ. ಇಂದೂ ತಿನ್ನದಿದ್ದರೆ ಮತ್ತೆ ಅಡ್ಮಿಟ್ ಆಗಿ ಡ್ರಿಪ್ ಹಾಕಿಸಿಕೊಳ್ಳಿ ಎಂದು ಡಾಕ್ಟರು ಬೆಳಿಗ್ಗೆ ಫೋನಿನಲ್ಲಿ ಗದರಿದರು. ಆರೈಕೆಗೆಂದು ಕಿಕ್ಕೇರಿಯಿಂದ ಬಂದಿರುವ ಅತ್ತೆ ಮೆತ್ತಗೆ ಮುದ್ದೆ ಕಟ್ಟಿ, ಆರಿಸಿ, ಮಜ್ಜಿಗೆಯ ಜೊತೆ ಮುಂದಿಟ್ಟರು. ಮಾತು ಹೊರಡದ ನಾನು 'ಆಗಲ್ಲ' ಎಂದು ಚೀಟಿಯಲ್ಲಿ ಬರೆದು ತೋರಿಸಿದೆ.

"ನುಂಗವ್ವ, ಅಗೀಬ್ಯಾಡ. ಇಂಗ್ಲಿಷ್ ಇಸ್ಕೂಲಲ್ಲಿ ಇದ್ನ ಕಲಿಸ್ನಿಲ್ಲ ಅಂತ ನಂಗೊತ್ತು ಬುಡು."

ಕಣ್ಣು ಮುಚ್ಚಿ ನುಂಗಿದೆ. ನೋವಾಯಿತು, ಆದರೂ ಜಾರಿತು. ನಾಲ್ಕು ತುತ್ತು ಹೋಯಿತು.

"ಇಷ್ಟು ಕಲಿಯಕ್ಕೆ ಗಂಟ್ಲೇ ಕುಯ್ಯಿಸ್ಕಬೇಕಾಯ್ತಾ?" ಎಂದರು ಅತ್ತೆ.

ಅವರೂ ಫೇಸ್‌ಬುಕ್ಕಿನಲ್ಲಿದ್ದಾರೆ. ಹಾಗಾಗಿ ಇದನ್ನು ಹಾಕುವುದು ಅವರು ಕಿಕ್ಕೇರಿ ಬಸ್ಸು ಹತ್ತಿದ ಮೇಲೆ, ಭಾನುವಾರ.