ಗುಡಿಯ ಹೊರಗೆ ನಿಂತ ಎಸ್ತರ್ ಟೀಚರ್

ಆಗಿನ್ನೂ ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮ ಬೀದಿಯ ಕೊನೆಯಲ್ಲಿ ನಿಂತರೆ ಆಚೆಗೆಲ್ಲ ರಾಗಿ ಹೊಲ, ನಡುನಡುವೆ ಅವರೆ ಸಾಲು. ಚಳಿಗಾಲ ಬಂತೆಂದರೆ ಅವರೆಯ ಸೊಗಡು ಕಿಟಕಿಯಿಂದ ಒಳಗೆ ಬಂದುಬಿಡುತ್ತಿತ್ತು. ಹುಡುಗಿಯರಾದ ನಮಗೆ ಖಾಲಿ ಸೈಟುಗಳೆಲ್ಲ ಕುಂಟೆಬಿಲ್ಲೆ ಆಡುವ ಜಾಗ. ಆ ಕಾಲದಲ್ಲಿ ಬೆಳೆದವರಿಗೆ ಇದನ್ನೆಲ್ಲ ನಾನು ಹೇಳಬೇಕಾಗಿಲ್ಲ. ಹೇಳಬೇಕಾಗಿರುವುದು ನಮ್ಮ ಎಸ್ತರ್ ಟೀಚರ್ ವಿಷಯ.

ನಾನಾಗ ನಾಲ್ಕನೇ ಕ್ಲಾಸು, ಅವರು ನಮ್ಮ ಕ್ಲಾಸ್ ಟೀಚರು. ಗಂಜಿ ಹಾಕಿದ ಬಿಳಿ ಸೀರೆ, ಬಿಗಿಯಾದ ಗಂಟು, ಸುಣ್ಣದ ಬಳಪದ ವಾಸನೆ. ಗಂಡ ತೀರಿಕೊಂಡಿದ್ದರು. ಒಬ್ಬಳೇ ಮಗಳು ಪ್ರೇಮ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಸ್ಕೂಲಿನ ಗೇಟು ದಾಟಿ ಒಳಗೆ ಬಂದ ಮೇಲೆ ಪ್ರೇಮ ಹೆತ್ತ ತಾಯಿಯನ್ನು 'ಅಮ್ಮ' ಅನ್ನುವ ಹಾಗಿರಲಿಲ್ಲ, ನಮ್ಮೆಲ್ಲರಂತೆ 'ಟೀಚರ್' ಅನ್ನಬೇಕು. ಒಂದು ಸಲ ಬಿದ್ದು ಮಂಡಿ ತರಚಿಕೊಂಡಾಗಲೂ ಪಾಪ, "ಟೀಚರ್, ಟೀಚರ್" ಅಂತಲೇ ಅತ್ತಳು.

"ಇಲ್ಲಿ ಎಲ್ರೂ ನನ್ನ ಮಕ್ಳೇ. ನಿನಗೊಬ್ಳಿಗೆ ಬೇರೆ ಕಾನೂನಿಲ್ಲ" ಎಂದು ಟೀಚರ್ ಟಿಂಚರ್ ಹಚ್ಚಿದರು. ಸಂಜೆ ಗೇಟು ದಾಟಿದ ಕೂಡಲೇ ರಸ್ತೆಯಲ್ಲೇ ಕುಕ್ಕರುಗಾಲಲ್ಲಿ ಕೂತು, ಆ ಮಂಡಿಗೆ ಉಫ್ ಉಫ್ ಎಂದು ಗಾಳಿ ಊದಿದ್ದನ್ನೂ ನಾನೇ ನೋಡಿದೆ.

ಆ ವರ್ಷ ನವೆಂಬರಿನಲ್ಲಿ ನಮ್ಮಮ್ಮ ದೊಡ್ಡಾಸ್ಪತ್ರೆ ಸೇರಿದಳು. ಹೊಟ್ಟೆಯಲ್ಲಿ ಗಡ್ಡೆ, ಆಪರೇಷನ್ ಆಗಬೇಕು, ಆದರೆ ಮೊದಲು ಮೈಯಲ್ಲಿ ಶಕ್ತಿ ಬರಬೇಕು ಎಂದರು ಡಾಕ್ಟರು. ಅಜ್ಜಿ ಅವಳ ಜೊತೆ ಆಸ್ಪತ್ರೆಯಲ್ಲಿ. ಅಪ್ಪನಿಗೆ ಮಿಲ್ಲಿನ ಪಾಳಿ, ಭಾನುವಾರ ಒಂದು ದಿನ ಅಮ್ಮನ ಹತ್ತಿರ ಕೂರುತ್ತಿದ್ದ. ನನ್ನನ್ನು ಎಲ್ಲಿ ಬಿಡುವುದೆಂದು ಅವನು ತಲೆ ಮೇಲೆ ಕೈಹೊತ್ತು ಕೂತಿದ್ದಾಗ ಟೀಚರೇ ಬಂದು, "ನಮ್ಮನೇಲಿರ್ಲಿ ಬಿಡಿ, ಪ್ರೇಮಂಗೂ ಜೊತೆ ಆಗತ್ತೆ" ಎಂದರು.

ಅಜ್ಜಿ ನನ್ನ ಜೊತೆ ಒಂದು ಹರಕೆಯನ್ನೂ ಕಳಿಸಿದಳು. ಬನಶಂಕರಿ ಅಮ್ಮನ ಗುಡಿಯಲ್ಲಿ ಐದು ಭಾನುವಾರ, ಸಂಜೆಯ ರಾಹುಕಾಲದಲ್ಲಿ, ಹೆತ್ತ ಮಗಳಾದ ನನ್ನ ಕೈಯಿಂದಲೇ ನಿಂಬೆಹಣ್ಣಿನ ದೀಪ ಹಚ್ಚಿಸಬೇಕು.

"ಒಂದು ವಾರನೂ ತಪ್ಪಬಾರ್ದು ಟೀಚರಮ್ಮ. ನಿಮ್ಮ ದೇವರು ಬೇರೆ, ನಿಮ್ಮನ್ನ ಹಿಂಗೆ ಕೇಳಬಾರ್ದೇನೋ" ಎಂದು ಅಮ್ಮನನ್ನು ನೋಡಲು ಆಸ್ಪತ್ರೆಗೆ ಬಂದ ಟೀಚರಿಗೆ ಹೇಳಿದಳು.

"ಕರ್ಕೊಂಡು ಹೋಗೋದು, ಕರ್ಕೊಂಡು ಬರೋದು ನನ್ನ ಜವಾಬ್ದಾರಿ. ಒಳಗಡೇದು ಅವಳು ನೋಡ್ಕೋತಾಳೆ ಬಿಡಿ" ಎಂದರು ಟೀಚರ್.

ಈ ಮಾತಿನ ಭಾರ ನನಗೆ ತಿಳಿದದ್ದು ಅವರ ಮನೆಗೆ ಹೋದ ಮೇಲೆ. ಅಲ್ಲಿ ಭಾನುವಾರ ಕರ್ತನ ದಿನ. ಅಡಿಗೆ, ಇಸ್ತ್ರಿ ಎಲ್ಲ ಶನಿವಾರವೇ ಮುಗಿಯಬೇಕು, ಭಾನುವಾರ ಸೂಜಿಗೆ ದಾರ ಕೂಡ ಪೋಣಿಸುತ್ತಿರಲಿಲ್ಲ. ಬೆಳಿಗ್ಗೆ ಚರ್ಚಿಗೆ ನನ್ನನ್ನೂ ಕರೆದುಕೊಂಡು ಹೋದರು. ಎಲ್ಲರೂ ಮೊಣಕಾಲೂರಿದಾಗ ನಾನೂ ಊರಲು ಹೋದೆ. ಟೀಚರ್ ನನ್ನ ತೋಳು ಹಿಡಿದು ಮೇಲೆ ಕೂರಿಸಿದರು.

"ನೀನು ಕೂತ್ಕೋ ಗಿರಿಜಾ. ನಿಮ್ಮಮ್ಮನ ವಿಷಯ ನಿನ್ನ ದೇವರ ಹತ್ರ ನೀನು ಕೇಳು, ನನ್ನ ದೇವರ ಹತ್ರ ನಾನು ಕೇಳ್ತೀನಿ" ಎಂದು ಕಿವಿಯಲ್ಲಿ ಹೇಳಿದರು. ಎರಡು ಕಡೆಯಿಂದ ಅರ್ಜಿ ಹೋದರೆ ಕೆಲಸ ಬೇಗ ಆದೀತೆಂದು ನನಗೂ ಧೈರ್ಯ ಬಂತು.

ಮೊದಲ ವಾರದ ದೀಪ ಮಾತ್ರ ಕೆಟ್ಟುಹೋಯಿತು. ಟೀಚರ್ ನಿಂಬೆಹಣ್ಣನ್ನು ನೀಟಾಗಿ ಹೋಳು ಮಾಡಿ, ರಸ ಹಿಂಡದೆ, ತಿರುಳಿನ ಮೇಲೇ ಬತ್ತಿ ಇಟ್ಟುಕೊಟ್ಟಿದ್ದರು. ಅದು ಚಟಪಟ ಎಂದು ಆರಿತು. ಪಕ್ಕದಲ್ಲಿದ್ದ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಅಳುತ್ತಾ ಹೊರಗೆ ಓಡಿಬಂದೆ. ಬಾಗಿಲಲ್ಲಿ ಹೂವು ಮಾರುತ್ತಿದ್ದ ಹೆಂಗಸು ಹೋಳಿನ ರಸ ಹಿಂಡಿ, ಸಿಪ್ಪೆಯನ್ನು ಒಳಹೊರಗೆ ಮಗುಚಿ, ಬಟ್ಟಲು ಮಾಡಿ ಎಣ್ಣೆ ಬತ್ತಿ ಹಾಕಿಕೊಟ್ಟಳು. ನಾನು ಹಚ್ಚಿ ಬರುವಷ್ಟರಲ್ಲಿ ಟೀಚರ್ ಅವಳ ಎದುರು ನೆಲದ ಮೇಲೆ ಕೂತಿದ್ದರು. "ಹರಿದೋಯ್ತಲ್ಲಮ್ಮ. ಇನ್ನೊಂದ್ಸಲ ತೋರ್ಸಿ" ಎನ್ನುತ್ತಿದ್ದರು. ಹೆಡ್ಮಾಸ್ಟರೇ ದನಿ ತಗ್ಗಿಸಿ ಮಾತಾಡಿಸುತ್ತಿದ್ದ ನಮ್ಮ ಟೀಚರ್ ಅಲ್ಲಿ ಒಂದನೇ ಕ್ಲಾಸಿನ ಮಗುವಿನ ಹಾಗೆ ಕೂತು ಕಲಿಯುತ್ತಿದ್ದರು. ನನಗೆ ಅಳು ನಿಂತುಹೋಯಿತು.

ಆಮೇಲೆ ಪ್ರತಿ ಶನಿವಾರ ಸಂಜೆ ಅವರೇ ಸಿಪ್ಪೆ ಮಗುಚಿ ಒದ್ದೆ ಬಟ್ಟೆಯಲ್ಲಿ ಸುತ್ತಿಡುವರು. ಹಿಂಡಿದ ರಸ ಚಿತ್ರಾನ್ನಕ್ಕೆ. ಭಾನುವಾರ ಹೊಲದ ದಾರಿ ಹಿಡಿದು ನಡೆಯುತ್ತಿದ್ದೆವು. ಗುಡಿಯ ಹೊರಗೆ ಒಂದು ಹುಣಸೆಮರ. ಅಪ್ಪ ಹೊಸದಾಗಿ ಕೊಡಿಸಿದ್ದ ನನ್ನ ಚಪ್ಪಲಿಯನ್ನು ನಾಯಿ ಎಳೆದೊಯ್ದೀತೆಂದು, ನಾನು ಬರುವತನಕ ಅದನ್ನು ಕೈಯಲ್ಲೇ ಹಿಡಿದು ಅಲ್ಲಿ ನಿಂತಿರುತ್ತಿದ್ದರು. ಬೈಬಲ್ ಹಿಡಿಯುತ್ತಿದ್ದ ಕೈ ಅದು. ಅದನ್ನು ಯೋಚಿಸುವಷ್ಟು ಬುದ್ಧಿ ನನಗಾಗ ಇರಲಿಲ್ಲ.

ಐದನೇ ಭಾನುವಾರವೇ ಕ್ರಿಸ್ಮಸ್ ಬಂತು. ಅಮ್ಮನ ಆಪರೇಷನ್ ಮಂಗಳವಾರಕ್ಕೆ ಗೊತ್ತಾಗಿತ್ತು. ಅದೇ ಭಾನುವಾರ ಸಂಜೆ ಐದಕ್ಕೆ ಚರ್ಚಿನಲ್ಲಿ ಮಕ್ಕಳ ಕಾರ್ಯಕ್ರಮ, ಪ್ರೇಮ ಒಬ್ಬಳೇ ನಿಂತು ಒಂದು ಕೀರ್ತನೆ ಹಾಡಬೇಕು. ಟೀಚರ್ ಒಲೆಯ ಮುಂದೆ ಅಡಿಗೆ ಮಾಡುತ್ತಲೇ, ಹಬ್ಬದ ಕಜ್ಜಾಯ ಕರಿಯುತ್ತಲೇ ತಿಂಗಳಿಂದ ಅವಳಿಗೆ ಹೇಳಿಕೊಟ್ಟಿದ್ದರು. ಕೇಳಿ ಕೇಳಿ ನನಗೂ ಬಾಯಿಪಾಠ ಆಗಿತ್ತು.

ಪಕ್ಕದ ಬೀದಿಯ ಮೇರಿ ಆಂಟಿ ಪ್ರೇಮಳನ್ನು ಕರೆದೊಯ್ಯಲು ಬಂದರು. "ಈ ಹುಡುಗೀನ ಬೇರೆ ಯಾರ ಜೊತೆಗಾದ್ರೂ ಕಳಿಸಿ ಟೀಚರ್. ಇವತ್ತೂ ನೀವೇ ಹೋಗ್ಬೇಕಾ?" ಎಂದರು.

"ಅವಳಜ್ಜಿ ಬೇರೆಯವರ ಕೈಗೆ ಒಪ್ಪಿಸಿಲ್ವಲ್ಲ" ಎಂದರು ಟೀಚರ್.

"ನಾನೊಬ್ಳೇ ಹೋಗ್ತೀನಿ, ದಾರಿ ಗೊತ್ತು" ಎಂದೆ ನಾನು. ನನ್ನ ಮಾತು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಪ್ರೇಮ ಹೊಸ ಲಂಗ ತೊಟ್ಟು ಬಾಗಿಲಲ್ಲಿ ನಿಂತಿದ್ದಳು. "ನನ್ನ ಹಾಡು ಕೇಳಕ್ಕೆ ಬರಲ್ವಾ?"

"ಇವಳಮ್ಮ ಆಸ್ಪತ್ರೇಲಿದಾಳೆ ಕಂದ. ನೀನು ಧೈರ್ಯವಾಗಿ ಹಾಡು."

"ಆಯ್ತು, ಟೀಚರ್" ಎಂದಳು ಪ್ರೇಮ.

ಮನೆಯೊಳಗೆ ಅವಳು ಹಾಗೆ ಕರೆದದ್ದು ಅದೇ ಮೊದಲು. ಟೀಚರ್ ಕೈಯಲ್ಲಿದ್ದ ನಿಂಬೆಹಣ್ಣಿನ ಗಂಟು ಕೆಳಗಿಟ್ಟರು. ಮತ್ತೆ ಎತ್ತಿಕೊಂಡರು.

ಅವತ್ತು ದೀಪ ಚೆನ್ನಾಗಿ ಉರಿಯಿತು. ಕೈಮುಗಿದು ಹೊರಗೆ ಬಂದರೆ ಟೀಚರ್ ಹುಣಸೆಮರದ ಕೆಳಗೆ ಕಣ್ಣು ಮುಚ್ಚಿ ನಿಂತಿದ್ದಾರೆ. ಎರಡು ಕೈಯಲ್ಲೂ ನನ್ನ ಚಪ್ಪಲಿ ಎದೆಗೊತ್ತಿಕೊಂಡಿದ್ದಾರೆ. ಮೆಲ್ಲಗೆ ಪ್ರೇಮಳ ಕೀರ್ತನೆ ಹಾಡುತ್ತಿದ್ದಾರೆ. ಅಷ್ಟು ಹೊತ್ತಿಗೆ ಅತ್ತ ಚರ್ಚಿನಲ್ಲಿ ಮಗಳೂ ಅದನ್ನೇ ಹಾಡುತ್ತಿದ್ದಿರಬೇಕು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಹೂವಿನ ಹೆಂಗಸು ಕಟ್ಟುವುದನ್ನು ಬಿಟ್ಟು ಕೇಳುತ್ತಿದ್ದಳು. ಹಾಡು ಮುಗಿಯುವವರೆಗೆ ನಾನು ಹತ್ತಿರ ಹೋಗಲಿಲ್ಲ, ಹೋಗಲು ಭಯವಾಯಿತು. ಗರ್ಭಗುಡಿಯ ಮುಂದೆಯೂ ನನಗೆ ಅಂಥ ಭಯಭಕ್ತಿ ಹುಟ್ಟಿರಲಿಲ್ಲ.

ಮನೆಗೆ ಬಂದಾಗ ಪ್ರೇಮ ಗೋಡೆಗೆ ಮುಖ ಮಾಡಿ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು ಹೇಳಿದೆ.

"ನಿಮ್ಮಮ್ಮನೂ ಹಾಡಿದ್ರು ಕಣೆ. ಗುಡಿ ಹತ್ರ. ನಿನ್ನ ಹಾಡೇ."

"ಪೂರ್ತಿ ಹಾಡಿದ್ಲಾ?"

"ಪೂರ್ತಿ. ಅಳ್ತಾ ಇದ್ರು."

ಅವಳು ತಟ್ಟೆಯಲ್ಲಿದ್ದ ದೊಡ್ಡ ಕಜ್ಜಾಯ ನನ್ನ ಕಡೆ ತಳ್ಳಿದಳು. ಸ್ವಲ್ಪ ಹೊತ್ತಾದ ಮೇಲೆ ಅಡಿಗೆಮನೆಯ ಕಡೆ ತಿರುಗಿ, "ಅಮ್ಮಾ, ಹಸಿವು" ಎಂದಳು. ಒಳಗೆ ಪಾತ್ರೆ ಸದ್ದು ನಿಂತಿತು. ಆಮೇಲೆ ಟೀಚರ್ ಬೇಗ ಬೇಗ ಅನ್ನ ಕಲಸುವುದು ಕೇಳಿಸಿತು.

ಆಪರೇಷನ್ ಸುಸೂತ್ರವಾಗಿ ಆಯಿತು. ಸಂಕ್ರಾಂತಿಯ ಹೊತ್ತಿಗೆ ಅಮ್ಮ ಮನೆಯಲ್ಲಿದ್ದಳು. ಮೊದಲ ಎಳ್ಳುಬೆಲ್ಲ ಟೀಚರ್ ಮನೆಗೇ ಹೋಯಿತು. ಯಾರ ದೇವರು ಕೇಳಿಸಿಕೊಂಡರೋ ನಾವು ವಿಚಾರಿಸಲಿಲ್ಲ.

ಟೀಚರ್ ಹೋಗಿ ಎಷ್ಟೋ ಕಾಲವಾಯಿತು. ಅವರೆ ಹೊಲ ಹೋಯಿತು, ಹುಣಸೆಮರವೂ ಹೋಯಿತು. ನಾವು ನಡೆಯುತ್ತಿದ್ದ ದಾರಿಯನ್ನು ಈಗ ಮೆಟ್ರೊ ಕ್ಷಣದಲ್ಲಿ ದಾಟಿಸಿಬಿಡುತ್ತದೆ. ನಾನು ಈಗಲೂ ಬನಶಂಕರಿಗೆ ಹೋಗುತ್ತೇನೆ. ದೀಪ ಹಚ್ಚಿ ಹೊರಗೆ ಬಂದಾಗ ಮರವಿದ್ದ ಕಡೆ ಕಣ್ಣು ತಾನೇ ಹೋಗುತ್ತದೆ. ನನ್ನ ದೇವರ ಬಾಗಿಲಲ್ಲಿ ತನ್ನ ದೇವರ ಹಾಡು ಹೇಳಿಕೊಂಡು ನನಗಾಗಿ ಕಾಯುವವರು ಆಮೇಲೆ ಯಾರೂ ಸಿಗಲಿಲ್ಲ. ಚಪ್ಪಲಿ ಬಿಡಲು ಈಗ ಸ್ಟ್ಯಾಂಡ್ ಇದೆ. ಟೋಕನ್ ಕೊಟ್ಟು ನನ್ನದನ್ನು ತೆಗೆದುಕೊಂಡು ಬರುತ್ತೇನೆ.