ಗಾಜಿನ ಹೂವಿಗೆ ಸುಣ್ಣ

ಆ ಭಾನುವಾರ ಮನೆಯಲ್ಲಿ ವಿಶೇಷವೇನೂ ಇರಲಿಲ್ಲ. ರಾಯದುರ್ಗದ ನಮ್ಮ ಮುಂಗೋಣೆಯಲ್ಲಿ ಜೀನ್ಸ್ ಪ್ಯಾಂಟುಗಳನ್ನು ರಾಶಿ ಹಾಕಿಕೊಂಡು, ಹೊಲಿಗೆಯಲ್ಲಿ ಉಳಿದ ದಾರದ ತುದಿಗಳನ್ನು ಕತ್ತರಿಸುತ್ತ ಕುಳಿತಿದ್ದೆ. ಯಜಮಾನರು ಬಕೆಟ್ಟಿನ ಫಿಲ್ಟರ್ ನೀರಿಗೆ ಸಮುದ್ರದ ಉಪ್ಪಿನ ಪುಡಿ ಹಾಕಿ ಕದಡುತ್ತಿದ್ದರು. ಅತ್ತೆ ಬಾಗಿಲ ಬಳಿ ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತಿದ್ದರು.

"ಈ ಊರಾಗ ಮಂದಿ ಸೀನೀರು ಹುಡುಕ್ಕೊಂಡು ತಿರುಗ್ತಾರ. ನನ್ನ ಮಗ ಸೀನೀರಿಗೆ ಉಪ್ಪು ಹಾಕ್ತಾನ."

"ಅದನ್ನ ಮೀನಿಗೆ ಹೇಳಬೇ, ನನಗ್ಯಾಕ ಹೇಳ್ತಿ?" ಎಂದರು ಅವರು.

ನಾವಿಬ್ಬರೂ ಕೆಲವು ವರ್ಷ ಬೆಂಗಳೂರಿನಲ್ಲಿದ್ದೆವು. ನಾನು ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದೆ. ಅವರು, ಶ್ರೀಮಂತರ ಮನೆಗಳಲ್ಲಿ ಮೀನಿನ ತೊಟ್ಟಿ ಇಟ್ಟು ನೋಡಿಕೊಳ್ಳುವ ಅಂಗಡಿಯೊಂದರಲ್ಲಿದ್ದರು. ರಾಯದುರ್ಗದಲ್ಲಿ ಜೀನ್ಸ್ ಕೆಲಸ ಹೆಚ್ಚಾದ ಮೇಲೆ ಊರಿಗೆ ಮರಳಿದೆವು. ಅವರು ಜೊತೆಗೆ ಒಂದು ಸಣ್ಣ ಉಪ್ಪುನೀರಿನ ತೊಟ್ಟಿ ತಂದರು. ಅದರಲ್ಲಿ ಎರಡು ಮೀನು, ಒಂದಿಷ್ಟು ಕಲ್ಲು, ಕಲ್ಲಿನ ಮೇಲೆ ಹಸಿರು ಹವಳದ ಒಂದು ಗುಂಪು. ಹವಳ ಒಂದೊಂದೂ ಪ್ಯಾಂಟಿನ ಗುಂಡಿಯಷ್ಟು ದುಂಡಗಿತ್ತು. ಹಾಗಾಗಿ ಅದಕ್ಕೆ ಗುಂಡಿ ಎಂದೇ ಹೆಸರಾಯಿತು.

ಆ ಭಾನುವಾರ ಅವರು ಗಾಜಿಗೆ ಮೂಗು ತಾಗಿಸಿ ಕಲ್ಲಿನ ಸಂದಿಯನ್ನು ನೋಡಿದರು. ಉಗುರಿನಷ್ಟು ಉದ್ದದ, ಆಚೆಗಿನದು ಕಾಣುವಷ್ಟು ತೆಳುವಾದ ಕಂದು ಹೂವೊಂದು ಅಲ್ಲಿ ಎಳೆಗಳನ್ನು ಚಾಚಿ ನಿಂತಿತ್ತು.

"ಗಾಜಿನ ಹೂವು. ಹೆಸರಿಗಷ್ಟ ಹೂವು, ಹವಳ ಕುಟುಕೋ ಪ್ರಾಣಿ. ಒಳ್ಳೇದಲ್ಲ ಇದು. ನಾಳಿ ನೋಡ್ತೀನಿ."

ಮರುದಿನ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಎದೆ ಹಿಡಿದುಕೊಂಡು ಕುಳಿತವರು ಮತ್ತೆ ಏಳಲಿಲ್ಲ.

ಕಾರ್ಯಗಳೆಲ್ಲ ಮುಗಿದು ನೆಂಟರು ಹೊರಟ ಮೇಲೆ ಅತ್ತೆ ಹೇಳಿದರು, "ಆ ತೊಟ್ಟೀನ ಯಾರಿಗಾದ್ರೂ ಕೊಟ್ಟುಬಿಡವ್ವ. ನೋಡಿದ್ರ ಹೊಟ್ಟಿ ಉರಿತೈತಿ." ಅವರ ಸಂಕಟ ನನಗೆ ತಿಳಿಯಿತು. ಆದರೆ ಯಜಮಾನರು ದಿನಾ ಕೈಯಿಟ್ಟು ನೋಡಿಕೊಂಡ ಜೀವವೆಂದರೆ ಮನೆಯಲ್ಲಿ ಅದೊಂದೇ. ಗುಂಡಿ ಸಾಯಬಾರದು ಎಂಬುದಷ್ಟೇ ಆಗ ನನ್ನ ತಲೆಯಲ್ಲಿದ್ದದ್ದು.

ಅಷ್ಟರಲ್ಲಿ ಗಾಜಿನ ಹೂವು ಒಂದಿದ್ದದ್ದು ಐದಾಗಿತ್ತು. ಕಲ್ಲಿನಿಂದ ಇಳಿಬಿದ್ದ ಎಳೆಗಳು ನನ್ನ ಕಣ್ಣಿಗೆ ಕತ್ತರಿಸದೆ ಬಿಟ್ಟ ದಾರದಂತೆ ಕಂಡವು. ದಾರದ ಕತ್ತರಿಯನ್ನೇ ತೊಳೆದು, ನೀರಿಗೆ ಕೈಯಿಳಿಸಿ, ಐದನ್ನೂ ಬುಡಕ್ಕೆ ಕತ್ತರಿಸಿದೆ. ಚೂರುಗಳು ನೀರಿನ ಸೆಳೆತದಲ್ಲಿ ತೇಲಿಹೋದವು. ಕೆಲಸ ಅಚ್ಚುಕಟ್ಟಾಯಿತು ಎಂದುಕೊಂಡೆ.

ಮೂರು ವಾರದಲ್ಲಿ ಅವು ಎಲ್ಲೆಲ್ಲೂ ಇದ್ದವು. ಪಂಪಿನ ಮೇಲೆ, ಗಾಜಿನ ಮೂಲೆಯಲ್ಲಿ, ಗುಂಡಿಯ ಪಕ್ಕದಲ್ಲಿ. ಅವುಗಳ ಎಳೆ ತಾಗಿದ ಕಡೆ ಹವಳ ಮುಚ್ಚಿಕೊಂಡು ಮತ್ತೆ ಅರಳುತ್ತಿರಲಿಲ್ಲ. ಅರ್ಧ ಗುಂಪು ಮುದುಡಿತ್ತು.

ಯಜಮಾನರಿದ್ದಾಗ ಒಮ್ಮೆ ನಾನು ತೊಟ್ಟಿಯಲ್ಲಿ ಮೈತುಂಬ ಕೂದಲಿನ ಹುಳವೊಂದನ್ನು ಕಂಡು ಕಿರುಚಿದ್ದೆ. ನಾನು ಮಡಕಶಿರದ ಕಡೆಯವಳು, ಕಡಲೆಕಾಯಿ ಹೊಲವನ್ನು ಕಂಬಳಿಹುಳ ತಿಂದು ಹೋದದ್ದನ್ನು ನೋಡಿ ಬೆಳೆದವಳು. "ಕಂಬಳಿಹುಳ ಐತೆ ಕಣ್ರಿ! ಸಾಯಿಸ್ರಿ!"

ಅವರು ನಕ್ಕಿದ್ದರು. "ಇದು ನಿಮ್ಮಪ್ಪನ ಶೇಂಗಾ ಹೊಲ ಅಲ್ಲ. ಮೀನು ಬಿಟ್ಟ ಕೂಳು ತಿಂದು ಸ್ವಚ್ಛ ಮಾಡೋದು ಅದೇ. ಏನು ತಿಂತೈತಿ ಅಂತ ಎರಡು ದಿನ ನೋಡು, ಆಮ್ಯಾಲ ಕೈ ಹಾಕು."

ಅಷ್ಟು ಹೇಳಿಸಿಕೊಂಡಿದ್ದವಳು ನೋಡದೆ ಕೈ ಹಾಕಿದ್ದೆ. ನಾಚಿಕೆ ಬಿಟ್ಟು ಬೆಂಗಳೂರಿನ ಅಂಗಡಿಯ ಹಿರಿಯರಿಗೆ ಫೋನ್ ಮಾಡಿದೆ. ಅವರನ್ನು ನಾವು ಅಣ್ಣ ಎನ್ನುತ್ತೇವೆ.

"ಕತ್ತರಿಸಿದ್ಯಾ? ಅಯ್ಯೋ ತಂಗಿ, ಗರಿಕೆ ಕತ್ತರಿಸಿ ಹೊಲಕ್ಕೆಲ್ಲ ಚೆಲ್ಲಿದ ಹಾಗಾಯ್ತಲ್ಲಮ್ಮ! ಅದರ ಒಂದೊಂದು ಚೂರೂ ಒಂದೊಂದು ಹೂವಾಗುತ್ತೆ. ನಿನ್ನ ಗಂಡ ಸುಣ್ಣ ಹಾಕ್ತಿದ್ದ, ಗೊತ್ತಿಲ್ವಾ? ಪಂಪು ನಿಲ್ಲಿಸು. ಗಟ್ಟಿ ಸುಣ್ಣಾನ ಸಿರಿಂಜಲ್ಲಿ ತುಂಬ್ಕೊಂಡು ಮೆಲ್ಲಗೆ ಅದರ ಬಾಯಿಗೇ ಬಿಡು. ಸಿರಿಂಜಿನ ತುದಿ ತಾಗಿದ್ರೆ ಹೂವು ಸಂದಿಯೊಳಗೆ ಸೇರ್ಕೊಂಡು ಬಿಡುತ್ತೆ. ದಿನಕ್ಕೆ ಎರಡು ಮೂರು ಸಾಕು, ಹೆಚ್ಚಾದ್ರೆ ನೀರೇ ಕೆಡುತ್ತೆ."

ಫೋನಿನ ಮಾತು ಅತ್ತೆಗೂ ಕೇಳಿಸಿತ್ತು.

"ಸುಣ್ಣಾನಾ?" ಎಂದು ಎದ್ದು ಬಂದರು. "ನನ್ನ ಡಬ್ಬ್ಯಾಗಿನ ಸುಣ್ಣ ಯಾಕ ಕಡಿಮಿ ಆಗ್ತೈತಿ ಅಂತ ನಾನು ಒದ್ದಾಡಿದ್ದೇ ಒದ್ದಾಡಿದ್ದು! ಕದ್ದು ಎಲಿ ಹಾಕ್ತೀಯೇನೋ ಅಂತ ಅವಂಗ ಎಷ್ಟು ಬೈದೆ. ಕಳ್ಳ, ಒಂದಿನ ಬಾಯಿ ಬಿಡಲಿಲ್ಲ ನೋಡು!"

ಅವರು ನಕ್ಕರು. ನಾನೂ ನಕ್ಕೆ. ಆ ಮನೆಯಲ್ಲಿ ನಗು ಕೇಳಿ ಎರಡು ತಿಂಗಳಾಗಿತ್ತು. ಆಮೇಲೆ ಸೆರಗು ಬಾಯಿಗೆ ಹಿಡಿದು ಅತ್ತರು. ಅತ್ತು ಮುಗಿಸಿ, ಏನೂ ಬೆರೆಸದ ಬಿಳಿ ಸುಣ್ಣದ ಡಬ್ಬಿಯನ್ನು ತಾವೇ ತಂದು ತೊಟ್ಟಿಯ ಪಕ್ಕದಲ್ಲಿಟ್ಟರು. ತೊಟ್ಟಿ ಕೊಟ್ಟುಬಿಡುವ ಮಾತು ಮತ್ತೆ ಬರಲಿಲ್ಲ.

ಸುಣ್ಣದ ಕೆಲಸ ನನಗೆ ಹೊಸದೇನಲ್ಲ. ತವರಿನ ರೇಷ್ಮೆ ಮನೆಯಲ್ಲಿ ಕಾಯಿಲೆಯ ಹುಳ ಕಂಡರೆ ಅಪ್ಪ ಅದನ್ನು ಹಿಸುಕಲು ಬಿಡುತ್ತಿರಲಿಲ್ಲ. "ಹಿಸುಕಿದ್ರೆ ರೋಗ ತಟ್ಟೆಗೆಲ್ಲ ಹತ್ತುತ್ತೆ. ಕಡ್ಡೀಲಿ ಎತ್ತಿ ಸುಣ್ಣದ ನೀರಿಗೆ ಹಾಕವ್ವ," ಎನ್ನುತ್ತಿದ್ದರು. ಆ ತಾಳ್ಮೆ ನನ್ನ ಕೈಯಲ್ಲಿ ಮೊದಲಿನಿಂದಲೂ ಇತ್ತು. ದುಃಖದಲ್ಲಿ ಕತ್ತರಿ ಮಾತ್ರ ಸಿಕ್ಕಿತ್ತು.

ದಿನಕ್ಕೆ ಎರಡರಂತೆ ಬೇಸಿಗೆ ಪೂರ್ತಿ ಹಿಡಿಯಿತು. ಪಂಪು ನಿಲ್ಲಿಸಿದ ಹತ್ತು ನಿಮಿಷ ಅತ್ತೆ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ನಿಲ್ಲುತ್ತಿದ್ದರು. "ಅಲ್ಲೊಂದೈತಿ ನೋಡು, ಕಲ್ಲಿನ ಬೆನ್ನಿಗೆ. ನಿನ್ನ ಕಣ್ಣಿಗೇನಾಗೈತಿ?" ಎಂದು ಗದರಿಸುತ್ತಿದ್ದರು. ಒಂದು ಬೆಳಿಗ್ಗೆ ಗುಂಡಿ ಅರಳಿತು. ಎಲ್ಲವೂ ಅಲ್ಲ, ಮುಕ್ಕಾಲು ಪಾಲು.

ನಾನು ಹೆಚ್ಚು ಓದಿದವಳಲ್ಲ, ಯಾರಿಗೆ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯದು. ಬೈಯದೆ ದಾರಿ ಹೇಳಿದ ಅಣ್ಣನಿಗೆ, ಡಬ್ಬಿ ಕೊಟ್ಟ ಅತ್ತೆಗೆ, ಅಪ್ಪನ ಆ ಮಾತಿಗೆ. ದಿನಾ ನೋಡಲೇಬೇಕಾದ ಕೆಲಸವೊಂದನ್ನು ನನಗೆ ಬಿಟ್ಟುಹೋದವರಿಗೆ ಎಲ್ಲರಿಗಿಂತ ಹೆಚ್ಚು. ಆ ಕೆಲಸವಿಲ್ಲದಿದ್ದರೆ ಕೆಲವು ದಿನ ನಾನು ಹಾಸಿಗೆಯಿಂದ ಏಳುತ್ತಿರಲಿಲ್ಲ.

ಕಳೆದ ವಾರ ಗಾಜಿನ ಮೇಲೆ ಸಾಸಿವೆಯಷ್ಟು ಚಿಕ್ಕ ಬಿಳಿ ಸುರುಳಿ ಹುಳಗಳು ಕಂಡವು. ಎರಡು ದಿನ ಸುಮ್ಮನೆ ನೋಡಿದೆ. ಅವು ಏನನ್ನೂ ಕೆಡಿಸಲಿಲ್ಲ. ಅಣ್ಣನೂ ಇರಲಿ ಬಿಡು, ನಿರುಪದ್ರವಿ ಎಂದರು. ಈ ಸಲ ನಾನು ಸರಿಯಾಗಿ ಗುರುತಿಸಿದ್ದೆ. ಅದನ್ನು ಹೇಳಬೇಕೆಂದಿದ್ದದ್ದು ನನ್ನ ಯಜಮಾನರಿಗೆ. ಅವರಿಲ್ಲ.