ಸ್ಪ್ರಿಂಗು ಸತ್ತ ಶಟರ್

ಎರಡು ವರ್ಷದ ಹಿಂದಿನ ಮಾತು. ಸುದ್ದಗುಂಟೆಪಾಳ್ಯದಲ್ಲಿ ಮೂವತ್ತೆಂಟು ವರ್ಷ ನಡೆಸಿದ ರೋಲಿಂಗ್ ಶಟರ್ ವರ್ಕ್‌ಶಾಪನ್ನು ನಾನು ಆಗಷ್ಟೇ ಮುಚ್ಚಿದ್ದೆ. ಓದಿದ್ದು ಎರಡನೇ ಕ್ಲಾಸು. ಅಳತೆ ಟೇಪು ಓದಲು ಬರುತ್ತಿತ್ತು, ಆ ಕೆಲಸಕ್ಕೆ ಅಷ್ಟು ಸಾಕು.

ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಸಹನಾಗೆ ಜೆ.ಪಿ. ನಗರದ ಗೇಮ್ ಕಂಪನಿಯಲ್ಲಿ ಕೆಲಸ. ಕಂಪ್ಯೂಟರಿನಲ್ಲಿ ಬಂದೂಕು ಹಿಡಿದು ಓಡಾಡುವ ಆಟ. ಆಡುವವನಿಗೆ ತನ್ನ ಕೈ, ಬಂದೂಕು ಮಾತ್ರ ಕಾಣುತ್ತವೆ. ಆಟ ನಡೆಯುವ ಬೀದಿ, ಅಂಗಡಿ, ಗೋಡೆ ಎಲ್ಲ ಸೇರಿ ಮ್ಯಾಪ್. ಅದರ ಬಾಗಿಲುಗಳನ್ನು ಮಾಡುವವಳು ಇವಳು. ಇನ್ನೂ ಪ್ರೊಬೇಷನ್ನು. ಆ ವಾರದ ಶುಕ್ರವಾರ ಬಾಗಿಲು ಒಪ್ಪಿಗೆಯಾಗದಿದ್ದರೆ ಕೆಲಸ ಹೋಗುತ್ತಿತ್ತು.

ಸೋಮವಾರ ಲ್ಯಾಪ್‌ಟಾಪ್ ತಂದು ತೋರಿಸಿದಳು. ಅಂಗಡಿಯ ಶಟರ್ ಹಲಗೆಯ ಹಾಗೆ ನೇರ ಮೇಲೆ ಹೋಗಿ ಮಾಯವಾಯಿತು.

"ಎಲ್ಲಿಗೆ ಹೋಯ್ತಮ್ಮ ಅದು?"

"ಮೇಲಕ್ಕೆ, ಆಂಟಿ."

"ಮೇಲಕ್ಕೆ ಅಂದ್ರೆ? ಮೇಲಿನ ಮನೆಯವರ ಅಡುಗೆಮನೆಗಾ?"

ಎದುರಿನ ದಿನಸಿ ಅಂಗಡಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಮೇಲೆ ಶಟರ್ ಸುತ್ತಿಕೊಳ್ಳುವ ಡ್ರಮ್, ಅದರೊಳಗೆ ಸ್ಪ್ರಿಂಗು. ಶಟರ್ ಕೆಳಗೆ ಬಂದಷ್ಟೂ ಸ್ಪ್ರಿಂಗು ಬಿಗಿಯಾಗುತ್ತದೆ. ಎತ್ತುವಾಗ ಆ ಬಿಗಿಯೇ ಭಾರ ಹೊರುತ್ತದೆ. ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುವುದೇ ಒಳ್ಳೆಯ ಶಟರ್ ಎಂದೆ. ನನ್ನವು ಹಾಗೇ ನಿಲ್ಲುತ್ತಿದ್ದವು. ಅವಳು ಎಲ್ಲವನ್ನೂ ವಿಡಿಯೊ ಮಾಡಿಕೊಂಡಳು.

ಬುಧವಾರ ಸಂಜೆ ಮುಖ ಇಳಿಸಿಕೊಂಡು ಬಂದಳು. ಶಟರ್ ನಾನು ಹೇಳಿದಂತೆಯೇ ಆಗಿತ್ತು, ಆದರೆ ಆಫೀಸಿನವರು ಆಡಿ ನೋಡಿದಾಗ ಆಟ ಕೆಟ್ಟಿತ್ತು. ಒಳಗಿದ್ದವರು ಶಟರನ್ನು ಮೊಣಕಾಲೆತ್ತರಕ್ಕೆ ಎತ್ತಿ ಬಿಟ್ಟು, ನೆಲದ ಮೇಲೆ ಮಲಗಿ, ಆ ಸಂದಿಯಿಂದ ಗುಂಡು ಹೊಡೆಯುತ್ತಿದ್ದರು. ಹೊರಗಿನವರು ಹತ್ತಿರ ಬರುವ ಮೊದಲೇ ಸಾಯುತ್ತಿದ್ದರು.

"ಶಟರ್ ಕಿತ್ತಾಕಿ ಗೋಡೆ ಹಾಕು ಅಂದ್ರು ನಮ್ಮ ಮ್ಯಾನೇಜರ್ರು. ಗೋಡೆ ಹಾಕೋಕೆ ನಾನ್ಯಾಕೆ ಬೇಕು ಆಂಟಿ ಅವ್ರಿಗೆ?"

ತಪ್ಪು ನನ್ನದು. ಆ ಬಾಗಿಲಿನ ಆಚೆ ಈಚೆ ಯಾರು ಇರುತ್ತಾರೆ ಎಂದು ನಾನು ಕೇಳಿರಲೇ ಇಲ್ಲ.

"ಸ್ಪ್ರಿಂಗ್ ಸಡಿಲ ಮಾಡು," ಎಂದೆ.

"ಬಿದ್ದೋಗುತ್ತಲ್ಲ?"

"ಬೀಳ್ಲಿ. ನಿಲ್ಲಿಸ್ಬೇಕು ಅನ್ನೋನು ಕಲ್ಲು ಕೊಡ್ಲಿ."

ಹಳೆಯ ಅಂಗಡಿಗಳಲ್ಲಿ ಸ್ಪ್ರಿಂಗು ಸತ್ತರೆ ರಿಪೇರಿಗೆ ಕರೆಯುವವರು ಕಡಿಮೆ. ಶಟರನ್ನು ಅರ್ಧ ಎತ್ತಿ, ಕೆಳಗೆ ಒಂದು ಸೈಜುಗಲ್ಲು ನಿಲ್ಲಿಸಿ ವ್ಯಾಪಾರ ಮಾಡುತ್ತಾರೆ. ಅಂಥವರಿಗೆ ಎಷ್ಟು ಬೈದಿದ್ದೇನೋ ಲೆಕ್ಕವಿಲ್ಲ. ಈಗ ಅದನ್ನೇ ಹೇಳಿಕೊಟ್ಟೆ. ಕೈ ಬಿಟ್ಟರೆ ಮೂರು ಎಣಿಸುವಷ್ಟರಲ್ಲಿ ನೆಲ ಮುಟ್ಟಬೇಕು. ಮೊದಲು ನಿಧಾನ, ಕೊನೆಯ ಒಂದಡಿ ದಡಾರ್.

ಶುಕ್ರವಾರ ನನ್ನನ್ನೂ ಆಫೀಸಿಗೆ ಕರೆದುಕೊಂಡು ಹೋದಳು. ಹತ್ತು ಜನ ಆಡಲು ಕೂತರು. ಮ್ಯಾನೇಜರ್ ಒಳಗೆ ಸೇರಿ, ಶಟರ್ ಎತ್ತಿ ಕಲ್ಲು ಕೊಟ್ಟು ಮಲಗಿದ. ಹೊರಗಿನಿಂದ ಯಾರೋ ಆ ಕಲ್ಲಿಗೇ ಗುಂಡು ಹೊಡೆದರು. ಕಲ್ಲು ಉರುಳಿ ಶಟರ್ ಬಿತ್ತು. ಅವನಿಗೆ ಏನೂ ಕಾಣದಾಯಿತು; ಅಷ್ಟರಲ್ಲಿ ಹೊರಗಿನವರು ಅಂಗಡಿಯ ಹಿಂಬಾಗಿಲಿನಿಂದ ಬಂದು ಕೊಂದರು.

"ಯಾವನ್ ಮಗಾ ಅದು ಕಲ್ಲಿಗೆ ಹೊಡ್ದಿದ್ದು?" ಎಂದು ಎದ್ದು ನಿಂತ. ಎಲ್ಲರೂ ನಕ್ಕರು. ಕೂತು ಇನ್ನೊಮ್ಮೆ ಆಡಿದ. ಆಮೇಲೆ ನನ್ನ ಕಡೆ ತಿರುಗಿದ.

"ಅಜ್ಜಿ, ನಿಮ್ ಶಟರ್‌ಗಳೂ ಹಿಂಗೇ ಬೀಳ್ತಿದ್ವಾ?"

"ಒಂದೂ ಬಿದ್ದಿಲ್ಲ. ಇದು ನಿಮಗೋಸ್ಕರ ಕೆಡಿಸಿದ್ದು."

ಅವನು ಸಹನಾಳಿಗೆ, "ಶಟರ್ ಇರ್ಲಿ" ಎಂದ. ಅವಳ ಕೆಲಸ ಉಳಿಯಿತು.

ಅಷ್ಟು ವರ್ಷ ನಾನು ಗಿರಾಕಿಗಳನ್ನು ಅಗಲ, ಎತ್ತರ ಬಿಟ್ಟು ಬೇರೇನೂ ಕೇಳಿದವಳಲ್ಲ. ಮೊನ್ನೆ ಯಡಿಯೂರಿನಿಂದ ಒಬ್ಬರು, ವರ್ಕ್‌ಶಾಪ್ ಮುಚ್ಚಿದ್ದರೂ, ಗೇಟಿನ ಬಗ್ಗೆ ಸಲಹೆ ಕೇಳಲು ಬಂದು ಅಳತೆಯ ಚೀಟಿ ಚಾಚಿದರು. ಚೀಟಿ ಆಮೇಲೆ ಕೊಡಿ, ಒಳಗೆ ಯಾರು ಬರಬಾರದೋ ಅದನ್ನು ಮೊದಲು ಹೇಳಿ ಎಂದೆ.